ಬೆನ್ನಿನ ಸ್ಕ್ರೂ ಎಣಿಸುವ ಮೈತ್ರಿ

ಶಹಾಬಾದಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಕಿಟಕಿಗೆ ಎಕ್ಸ್‌ರೇ ಹಿಡಿದು ಮೈತ್ರಿ ಸ್ಕ್ರೂ ಎಣಿಸುತ್ತಿದ್ದಾರೆ. ನೋಡಿದವರು ಡಾಕ್ಟರಮ್ಮ ಅಂದುಕೊಳ್ಳಬೇಕು, ಹಾಗಿದೆ ಠೀವಿ! ಅಲ್ಲ, ಅವರು ಬಿಲ್ ಬರೆಯುವ ಕ್ಲಾರ್ಕ್. ಬೆನ್ನುಮೂಳೆಗೆ ಕೂಡಿಸಿದ ಸ್ಕ್ರೂಗೆ ಒಂದು ಕೋಡ್, ಅವನ್ನು ಜೋಡಿಸುವ ರಾಡ್‌ಗೆ ಇನ್ನೊಂದು, ಕಾಲಿನ ಸ್ಕ್ರೂಗೆ ಬೇರೆಯದೇ. ಕೋಡೂ ಲೆಕ್ಕವೂ ತಾಳೆಯಾದರಷ್ಟೇ ವಿಮೆಯವರು ಬಿಲ್ ಒಪ್ಪುವುದು.

ಕುರಕುಂಟಾದ ಈ ಹೆಣ್ಣುಮಗಳು ಬಿ.ಕಾಂ. ಮುಗಿಸಿ 1998ರಲ್ಲಿ ಇಲ್ಲಿಗೆ ಬಂದವರು. "ಮೊದ್ಲ ಸ್ಕ್ರೂ ಅಂದ್ರ ಬಾಗಿಲ ಚಿಲಕಕ್ಕ ಹಾಕೋದು ಅಂತ ತಿಳ್ದಿದ್ದೆ ನೋಡ್ರಿ" ಎಂದು ನಗುತ್ತಾರೆ. ಈಗ ಸೇಡಂ, ಚಿಂಚೋಳಿ ಕಡೆಯಿಂದ ಬೆನ್ನು ಮುರಿದುಕೊಂಡು ಬರುವವರ ಬಿಲ್ ಎಲ್ಲ ಇವರ ಕೈಯಲ್ಲೇ. ಕಲ್ಲುಗಣಿಯ ಸೀಮೆ, ಬೆನ್ನಿಗೇನು ಕಡಿಮೆ ಪೆಟ್ಟೇ?

ಎಕ್ಸ್‌ರೇ ನೋಡುವ ರೂಢಿ ಹುಟ್ಟಿದ್ದು ಒಂದು ಎಡವಟ್ಟಿನಿಂದ. ಮೊದಲೆಲ್ಲ ಆಪರೇಷನ್ ಕೋಣೆಯಿಂದ ಬರುವ ಖಾಲಿ ಡಬ್ಬಿ ಎಣಿಸಿ, ಡಬ್ಬಿಗೊಂದು ಸ್ಕ್ರೂ ಎಂದು ಬಿಲ್ ಬರೆಯುತ್ತಿದ್ದರು. ಮೂರು ವರ್ಷದ ಹಿಂದೆ ವಾಡಿಯ ಕಲ್ಲು ಪಾಲಿಶ್ ಕಾರ್ಖಾನೆಯ ಹಮಾಲ ದೇವಿಂದ್ರನಿಗೆ ಆಪರೇಷನ್ ಆಯಿತು. ಡಾಕ್ಟರು ಆರು ಡಬ್ಬಿ ಒಡೆದಿದ್ದರು. ಎರಡು ಸ್ಕ್ರೂ ಅಳತೆಗೆ ಹೊಂದದೆ ಪಕ್ಕಕ್ಕಿಟ್ಟಿದ್ದರು. ಬಿಲ್ಲಿನಲ್ಲಿ ಆರು, ಬೆನ್ನಿನಲ್ಲಿ ನಾಲ್ಕು! ಎಕ್ಸ್‌ರೇ ನೋಡಿದ ವಿಮೆಯವರು ಸುಳ್ಳು ಬಿಲ್ ಎಂದು ವಿಮೆ ಮಾಡಿಸಿದ್ದ ಕಾರ್ಖಾನೆಗೆ ಬರೆದರು. ದೇವಿಂದ್ರನೂ ಇದರಲ್ಲಿ ಶಾಮೀಲೆಂದು ಕಾರ್ಖಾನೆಯವರು ಗೇಟಿನಲ್ಲೇ ತಡೆದರು.

ಅವನ ಹೆಂಡತಿ ಹಣಮವ್ವ ಬಂದು ಗೊಳೋ ಎಂದು ಅತ್ತಳು. "ಅಕ್ಕಾರ, ನಾವೇನ್ ಕಳ್ಳರೇನ್ರಿ? ಓಣಿ ಮಂದಿ ಆಡ್ಕೊಂಡು ನಗಾಕತ್ತಾರ."

ತಪ್ಪು ತನ್ನದೇ ಎಂದು ಕಾರ್ಖಾನೆಗೆ ಹೋಗಿ ಹೇಳುತ್ತೇನೆಂದು ಮೈತ್ರಿ ಎದ್ದರು. "ಬಾಯಿ ಮುಚ್ಕೊಂಡು ಕುಂದ್ರವ್ವ, ನಿನ್ನ ನೌಕರಿ ಹೋಗ್ತದ" ಎಂದು ಜೊತೆಗೆ ದುಡಿಯುವ ಲಲಿತಾಬಾಯಿ ಗದರಿದರು. ಕೇಳಬೇಕಲ್ಲ! ಮರುದಿನವೇ ವಾಡಿಯ ಬಸ್ಸು ಹತ್ತಿ, ಕಾರ್ಖಾನೆಯ ಮ್ಯಾನೇಜರ್ ಶರಣಬಸಪ್ಪನವರ ಮುಂದೆ ನಿಂತರು.

"ತಪ್ಪು ನಂದ್ರಿ ಸಾಹೇಬ್ರ. ಡಬ್ಬಿ ಎಣಿಸ್ದೆ, ಬೆನ್ನು ನೋಡ್ಲಿಲ್ಲ. ಅಂವಂದೇನೂ ಇಲ್ರಿ ಇದ್ರಾಗ" ಎಂದು ಹೇಳಿ, ಹಾಗೆಯೇ ಬರೆದೂ ಕೊಟ್ಟರು.

ಆಸ್ಪತ್ರೆಯಲ್ಲಿ ಬೈಗುಳ ಬಿತ್ತು, ಬಡ್ತಿ ತಪ್ಪಿತು. ದೇವಿಂದ್ರನಿಗೆ ಮಾತ್ರ ಅದೇ ಕಾರ್ಖಾನೆಯಲ್ಲಿ ಭಾರ ಎತ್ತದ ಕೆಲಸ ಸಿಕ್ಕಿತು. ಭಾಳ ದೊಡ್ಡ ಮನಸ್ಸು ಈ ಹೆಣ್ಣುಮಗಳದು, ಹೇಳದೆ ಇರಲಾಗದು.

ನೌಕರಿ ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ, ಮೈತ್ರಿ ತಲೆಯೆತ್ತುತ್ತಾರೆ.

"ಇನ್ನೊಂದು ಹುಡುಕ್ಕೋತಿದ್ದೆ ಬಿಡ್ರಿ. ಕಳ್ಳ ಅನ್ನಿಸ್ಕೊಂಡಾಂವ ಇನ್ನೊಂದು ಹೆಸರು ಎಲ್ಲಿಂದ ತರಬೇಕು?"