ಅವಿನ್ಯೋನ್ ಕಂಡ ನಂಜಣ್ಣ

ಚಿತ್ತಿರೆ ತಿಂಗಳ ಬಿಸಿಲಿನಲ್ಲೂ ನಂಜಣ್ಣ ಪಟಾಲಮ್ಮಿನ ಉಣ್ಣೆ ಕೋಟು ಬಿಚ್ಚುತ್ತಿರಲಿಲ್ಲ. ತಮಿಳುಸೀಮೆಯ ಧಾರಾಪುರದ ಕಡೆಯ ನಮ್ಮೂರಿನಲ್ಲಿ ಗುಳಿಮಗ್ಗಕ್ಕೆ ಕಾಲು ಇಳಿಬಿಟ್ಟು ನೇಯುವಾಗಲೂ ಅದು ಮೈಮೇಲೇ. ಜರ್ಮನ್ ಯುದ್ಧದಲ್ಲಿ ಹೇಸರಗತ್ತೆ ನೋಡಿಕೊಳ್ಳಲು ಫ್ರಾನ್ಸಿಗೆ ಹೋಗಿ ಬಂದಿದ್ದವನು. ಪಕ್ಕದ ಮಗ್ಗದಲ್ಲಿ ಹದಿನೈದು ವರ್ಷ ಕೂತ ನನಗೆ ಆ ದೇಶದ ದಕ್ಷಿಣ ಸೀಮೆ ಪೂರ್ತಿ ಬಾಯಿಪಾಠವಾಗಿತ್ತು.

ಅಮರಾವತಿ ತುಂಬಿ ಹರಿದರೆ, "ಹೊಳೆ ಅಂದ್ರೆ ರೋನ್ ಹೊಳೆ, ತಂಬಿ." ಕಿಣತ್ತುಕಡವಿನ ಗುಡ್ಡ ಹತ್ತಿ ಮುರುಗನಿಗೆ ಕೈಮುಗಿಯುವಾಗ, "ಮಾರ್ಸೇಲ್ಸಿನ ಗುಡ್ಡದ ಮೇಲೊಬ್ಬ ಅಮ್ಮ, ಮೈಯೆಲ್ಲ ಚಿನ್ನ." ಅಲ್ಲಿನ ನೀಮ್ ಎಂಬ ಊರಿನ ಕಲ್ಲಿನ ಅಖಾಡದಲ್ಲಿ ಗೂಳಿ ಕಾಳಗವಂತೆ. "ಅವಿನ್ಯೋನಿನ ಪಾಲ ಇದೆ ನೋಡು, ಹೊಳೆ ಮಧ್ಯಕ್ಕೆ ಬಂದು ನಿಂತುಬಿಟ್ಟಿದೆ. ಅದನ್ನ ನೋಡೋಕೆ ದೇಶದೇಶದ ಜನ ಬರ್ತಾರೆ!" ಅರ್ಧ ಸೇತುವೆಗೆ ಯಾತ್ರೆಯೇ ಎಂದು ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು.

ನಗದೆ ಕೇಳಿದವರು ಪಂಚಾಯತಿ ಅಧ್ಯಕ್ಷರೊಬ್ಬರೇ. ಹಳ್ಳಕ್ಕೆ ಅವರು ಕಟ್ಟಿಸುತ್ತಿದ್ದ ಸೇತುವೆ ಮೂರು ಕಮಾನಿಗೇ ನಿಂತು ಎರಡು ಮಳೆಗಾಲವಾಗಿತ್ತು. ಎಲೆಕ್ಷನ್ ಹತ್ತಿರ ಬಂದಿತ್ತು. ನಮ್ಮ ಮಗ್ಗಗಳಿಗೆಲ್ಲ ನೂಲು ಕೊಡುವ ಧಣಿಯೂ ಅವರೇ. ಸಭೆ ಕರೆದು, ನಂಜಣ್ಣನಿಗೆ ಹಾರ ಹಾಕಿ, "ಅರ್ಧ ಸೇತುವೆಯ ಮಹಿಮೆಯನ್ನು ಫ್ರಾನ್ಸ್ ಕಂಡವರ ಬಾಯಿಂದಲೇ ಕೇಳಿ" ಎಂದರು.

ನಂಜಣ್ಣ ಎದ್ದು ನಿಂತ. ಊರು ಅವನ ಮಾತಿಗೆ ಸುಮ್ಮನೆ ಕಿವಿಗೊಟ್ಟಿದ್ದು ಅದೇ ಮೊದಲು. ಕೋಟಿನ ಗುಂಡಿ ಹಾಕಿಕೊಂಡ.

"ಅಲ್ಲೂ ಪಾಲ ಅರ್ಧವೇ, ನಿಜ," ಎಂದು ತಮಿಳಿನಲ್ಲಿ ಶುರುಮಾಡಿದ. ಅಧ್ಯಕ್ಷರು ಚಪ್ಪಾಳೆ ತಟ್ಟಿದರು. "ಆದ್ರೆ ಅವರು ಪೂರ್ತಿ ಕಟ್ಟಿದ್ರು, ಹೊಳೆ ಕೊಚ್ಕೊಂಡು ಹೋಯ್ತು. ನಮ್ಮದನ್ನ ಯಾವ ಹೊಳೆ ಕೊಚ್ಚಿತು, ತಲೈವರೇ?"

ಸಭೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ಓಟನ್ನು ಅಧ್ಯಕ್ಷರಿಗೇ ಹಾಕಿತು. ನಂಜಣ್ಣನ ಮಗ್ಗಕ್ಕೆ ಮಾತ್ರ ಸಭೆಯ ಮಾರನೆಯ ದಿನದಿಂದಲೇ ನೂಲು ನಿಂತಿತು. ಎರಡು ತಿಂಗಳು ಬರಿಗೈಯಲ್ಲಿ ಕೂತು, ತಿರುಪ್ಪೂರಿಗೆ ಹೋಗಿ ಬನಿಯನ್ ಮಡಿಸುವ ಕೆಲಸಕ್ಕೆ ಸೇರಿದ.

ಅವನನ್ನು ಕೊನೆಯ ಸಲ ಕಂಡದ್ದು ಅಲ್ಲಿಯೇ. ಬಹಳ ಇಳಿದುಹೋಗಿದ್ದ. ಫ್ರಾನ್ಸಿನ ಆ ಊರುಗಳಲ್ಲೆಲ್ಲ ಎಷ್ಟೆಷ್ಟು ದಿನ ಇದ್ದೆ ಎಂದು ಕೇಳಿದೆ.

"ಮಾರ್ಸೇಲ್ಸಿನಲ್ಲಿ ಡೇರೆ ಹಾಕಿದ್ರು, ಅಷ್ಟೇ. ಮಿಕ್ಕ ಊರೆಲ್ಲ ಅಂಗಡಿಯ ಚಿತ್ರದ ಕಾರ್ಡಿನಲ್ಲಿ ನೋಡಿದ್ದು, ತಂಬಿ."

"ಅವಿನ್ಯೋನ್?"

"ಅದು ಕಣ್ಣಾರೆ. ರೈಲಿನ ಕಿಟಕಿಯಿಂದ. ಪಾಲ ಬಂತು, ಹೋಯ್ತು. ಪಕ್ಕದ ಸಿಪಾಯಿ ಅದರ ಕತೆ ಹೇಳಿದ."

"ಅಷ್ಟಕ್ಕೇ ನೂಲು ಕಳಕೊಂಡೆಯಾ, ನಂಜಣ್ಣ?"

ಅವನು ಬನಿಯನ್ ಮಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ.

"ಡೇರೆ ಹಾಕಿದ ಊರು ಬಿಟ್ರೆ ನಾನು ಕಂಡದ್ದು ಅದೊಂದೇ. ಅದರಲ್ಲೂ ಸುಳ್ಳು ಹೇಳಬೇಕಿತ್ತಾ?"