ತಿರುಮಣಿಯಲ್ಲಿ ಬರೆದ ಹೊಂಗೆಮರ

ನಾನು ಬಯಲನ್ನು ಬರೆಯುವ ಚಿತ್ರಕಾರ. ವರ್ಷಗಳು ಕಳೆದಂತೆ ನನ್ನ ಚಿತ್ರಗಳಿಂದ ಮನೆ, ಮರ ಎಲ್ಲ ಒಂದೊಂದಾಗಿ ಜಾಗ ಖಾಲಿ ಮಾಡಿ, ಈಗ ಬರೀ ಬಣ್ಣದ ಪಟ್ಟೆಗಳು ಉಳಿದಿವೆ. ನೋಡಿದವರೆಲ್ಲ "ಇದೇನಿದು?" ಅಂತಲೇ ಕೇಳುತ್ತಾರೆ.

ತಿರುಮಣಿಯ ರಸ್ತೆ ಪಕ್ಕ ಕೂತು ನೀಲಿ ಪಟ್ಟೆ ಎಳೆಯುತ್ತಿದ್ದೆ. ಮೇಕೆ ಹೊಡೆದುಕೊಂಡು ಬಂದ ಅಜ್ಜಿಯೊಬ್ಬರು ಬಗ್ಗಿ ನೋಡಿ, "ಸೋಲಾರು ಇದ್ದಂಗೇ ಬರ್ದಿದ್ದೀಯ ಕಣಪ್ಪ!" ಅಂದರು. ಬೇಲಿಯಾಚೆ ಕಣ್ಣು ಹಾಯುವಷ್ಟು ದೂರಕ್ಕೂ ಸೋಲಾರ್ ಫಲಕಗಳೇ. ನಾನು ಬರೆಯುತ್ತಿದ್ದದ್ದು ಆಕಾಶ! ಮೈಯೆಲ್ಲ ಉರಿಯಿತು.

"ನಮ್ ಹೊಲಾನೂ ಅಲ್ಲೇ ಇತ್ತು. ಬದುವಿನ ಮ್ಯಾಲೊಂದು ಹೊಂಗೆಮರ ಇತ್ತು, ಅದನ್ನೂ ಬರಿಯಪ್ಪ" ಅಂದರು.

ನಾನು ಮರ ಬರೆದು ಎಷ್ಟು ಕಾಲವಾಗಿತ್ತೋ. ಒದ್ದಾಡಿಕೊಂಡು ಒಂದನ್ನು ಬರೆದೆ.

ಅಜ್ಜಿ ಬಹಳ ಹೊತ್ತು ನೋಡಿ ಕೇಳಿದರು: "ಇದೇನಪ್ಪ ಇದು?"