ನಲವತ್ತೈದು ಡಿಗ್ರಿ ತಿರುಗಿಸಿದ ಮೇಲೆ

ಗೆಲಾಕ್ಸಿಗಳ ಗುಂಪನ್ನು ಕಣ್ಣಿಂದ ನೋಡಿ ಹುಡುಕಬಹುದು, ಅದರ ಭಾರದಿಂದಲೂ ಹುಡುಕಬಹುದು. ಹೈದರಾಬಾದಿನಲ್ಲಿ ಪಿಎಚ್‌.ಡಿ. ಮಾಡುವಾಗ ನಾನು ಹಿಡಿದದ್ದು ಎರಡನೆಯ ದಾರಿ. ಗುಂಪಿನ ಭಾರಕ್ಕೆ ಹಿಂದಿನಿಂದ ಬರುವ ಬೆಳಕು ಬಾಗುತ್ತದೆ. ಹಿಂದಿರುವ ಗೆಲಾಕ್ಸಿಗಳು ಕೂದಲೆಳೆಯಷ್ಟು ಎಳೆದಂತೆ ಕಾಣುತ್ತವೆ. ಒಂದನ್ನು ನೋಡಿದರೆ ಏನೂ ತಿಳಿಯದು. ಸಾವಿರಾರು ಗೆಲಾಕ್ಸಿಗಳ ಆಕಾರ ಅಳೆದು ಸರಾಸರಿ ತೆಗೆದರೆ ಕಾಣದ ಭಾರದ ನಕ್ಷೆ ಬರೆಯಬಹುದು. ನಾನು ವರ್ಷಗಟ್ಟಲೆ ಅಳೆದೆ.

ಕೊನೆಯ ಚಿತ್ರಗಳು ಸೇರಿದ ವಾರ ನಕ್ಷೆಯ ಮೂಲೆಯಲ್ಲಿ ಭಾರದ ದೊಡ್ಡ ಗುಡ್ಡೆ ಎದ್ದಿತು. ಅಲ್ಲೊಂದು ಗುಂಪಿದೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ನನ್ನ ಪ್ರಬಂಧವೆಲ್ಲ ಅದರ ಮೇಲೇ ನಿಂತಿತು. ಮೆಹದಿಪಟ್ಟಣಂ ಬಡಾವಣೆಯ ನಮ್ಮ ಮನೆಯಲ್ಲಿ ಅವ್ವ ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿದಳು. ಹೋಳಿಗೆ ಮಾಡಿದಳು, ಕಲಬುರಗಿಯ ಬಳಗಕ್ಕೆಲ್ಲ ಫೋನ್ ಹಚ್ಚಿ, “ನಮ್ಮಾಕಿ ಆಕಾಶದಾಗ ಯಾರೂ ಕಾಣದ್ದು ಹುಡುಕ್ಯಾಳ್ರಿ” ಎಂದಳು.

ಒಂದು ಪರೀಕ್ಷೆ ಉಳಿದಿತ್ತು. ಪ್ರತಿ ಗೆಲಾಕ್ಸಿಯ ಆಕಾರವನ್ನು ಲೆಕ್ಕದಲ್ಲಿ ನಲವತ್ತೈದು ಡಿಗ್ರಿ ತಿರುಗಿಸಿ ಮತ್ತೆ ನಕ್ಷೆ ಬರೆಯಬೇಕು. ನಿಜವಾದ ಭಾರ ಆಕಾರಗಳನ್ನು ತನ್ನ ಸುತ್ತ ಬಳೆಯಂತೆ ಎಳೆಯುತ್ತದೆ, ತಿರುಗಿಸಿದರೆ ಆ ಬಳೆ ಒಡೆಯುತ್ತದೆ. ಹಾಗಾಗಿ ಭಾರ ನಿಜವಾದರೆ ಗುಡ್ಡೆ ಮಾಯವಾಗಬೇಕು. ಆಗದಿದ್ದರೆ ಅದು ಆಕಾಶದ್ದಲ್ಲ, ದೂರದರ್ಶಕವೇ ಚಿತ್ರವನ್ನು ಸೊಟ್ಟ ಮಾಡಿದೆ ಎಂದರ್ಥ.

ತಿರುಗಿಸಿದೆ. ಗುಡ್ಡೆ ಅಲ್ಲೇ ಕೂತಿತ್ತು. ಥೂ! ಇನ್ನೊಮ್ಮೆ ಮಾಡಿದೆ. ಹಟಕ್ಕೆ ಬಿದ್ದಂತೆ ಕೂತೇ ಇತ್ತು. ಮಾರ್ಗದರ್ಶಕರು ಬಂದು ನೋಡಿ, ಇದನ್ನು ತೆಗೆದುಬಿಡಬೇಕಮ್ಮಾ ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದರು. ತೆಗೆದರೆ ಉಳಿಯುವುದಾದರೂ ಏನು? ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನನ್ನ ಪಾಲಿಗೆ ಇಲಿಯೂ ಇರಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಅತ್ತೆ. ಬದುಕೇ ಬೇಡವೆನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಯಾಕವ್ವಾ, ಮಾರಿ ಯಾಕ ಹಿಂಗಾಗೇತಿ?” ನನ್ನ ಮುಖ ನೋಡಿ ಕೇಳಿದಳು.

“ಅದು ಸುಳ್ಳ ಬೇ. ದುರ್ಬೀನಿನ ತಪ್ಪು. ಅಲ್ಲಿ ಏನೂ ಇಲ್ಲ.”

ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದರೂ ತಿರುವಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದಳು:

“ಏನೂ ಇಲ್ಲಂತ ತಿಳಿಯಾಕ ಇಷ್ಟು ವರ್ಷ ಬೇಕಾತೇನ, ಯವ್ವಾ?”

“ಹೂಂ ಬೇ,” ಎಂದೆ.